ಅಂಕಿತವಿಲ್ಲದ ಮಾತು

ಮೊನ್ನೆ ಹುಣ್ಣಿಮೆಯ ಶಿವಾನುಭವ ಗೋಷ್ಠಿಯಲ್ಲಿ ವೇದಿಕೆಯ ಐದು ಕುರ್ಚಿಗಳಲ್ಲಿ ಒಂದು ನನ್ನದಾಗಿತ್ತು. ಉಪನ್ಯಾಸ ನನ್ನದೇ; ವಿಷಯ, ಶರಣರ ಅನುಭಾವ. ಮೂವತ್ತು ನಿಮಿಷ ಅಂದಿದ್ದರು, ಐವತ್ತು ತೆಗೆದುಕೊಂಡೆ. ಹನ್ನೆರಡು ಹದಿಮೂರು ವಚನ ಹೇಳಿರಬೇಕು, ಒಂದಕ್ಕೂ ಚೀಟಿ ನೋಡಲಿಲ್ಲ. ಚಪ್ಪಾಳೆ ಬಿತ್ತು. ನಿರೂಪಕರು ಮೈಕು ಹಿಡಿದು ಸನ್ಮಾನಕ್ಕೆ ಹೆಸರು ಕರೆಯಬೇಕು, ಅಷ್ಟರಲ್ಲಿ ಜಮಖಾನೆಯ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದು ನಿಂತಳು.

"ಯಪ್ಪಾ, ನಂದೂ ಒಂದ ಮಾತ ಐತ್ರಿ" ಅಂದಳು, ಸ್ವಾಮೀಜಿಯವರ ಕಡೆ ಕೈಮುಗಿದು. "ರೊಟ್ಟಿ ಬಡಿಯೂ ಮುಂದ ಒಮ್ಮೊಮ್ಮೆ ಹಿಂಗ ಆಕ್ಕೈತಿ. ಸಪ್ಪಳ ಕೇಳತಿರತೈತಿ, ಕೈ ತಾನ ತಿರಗತಿರತೈತಿ, ಬಡಿಯಾಕಿ ಮಾತ್ರ ಅಲ್ಲಿ ಇರೂದಿಲ್ಲ. ಅದು ಏನಂತ..."

"ಅಮ್ಮಾರ, ಪ್ರಸಾದದ ಹೊತ್ತಾಗೇತಿ, ಆಮ್ಯಾಲೆ ಕೇಳೂಣಂತ, ಕೂಡ್ರಿ" ಅಂದರು ನಿರೂಪಕರು. ಮುಂದಿನ ಸಾಲಿನವರು ನಕ್ಕರು. ಅಜ್ಜಿ ಸೆರಗು ಸರಿಮಾಡಿಕೊಂಡು ಕೂತಳು. ನನಗೆ ಶಾಲು ಹೊದಿಸಿದರು, ಹಾರ ಹಾಕಿದರು, ಒಂದು ಫಲಕವನ್ನೂ ಕೊಟ್ಟರು. ಫಲಕದಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಪ್ಪಿತ್ತು. ಆ ಹೊತ್ತಿಗೆ ನನಗೆ ಬೇಸರವಾದದ್ದು ಅದೊಂದಕ್ಕೇ.

ಗೋಷ್ಠಿಯ ಹೆಸರಿನಲ್ಲೇ ಅನುಭವ ಇದೆ. ಎರಡು ತಾಸಿನ ಆ ಸಭೆಯಲ್ಲಿ ತನ್ನ ಸ್ವಂತದ್ದು ಅನ್ನಬಹುದಾದ ಒಂದು ಅನುಭವದ ಮಾತು ಎದ್ದದ್ದು ಆ ಜಮಖಾನೆಯಿಂದ, ಅದನ್ನು ನಾವು ಕೂರಿಸಿದೆವು. ಕೂರಿಸಿದವರು ಕೆಟ್ಟವರಲ್ಲ. ನಿರೂಪಕರು ನಿತ್ಯ ಲಿಂಗಪೂಜೆ ಮಾಡುವವರು, ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡಿಹೋಗುವವರು. ಮುಂದಿನ ಸಾಲಿನಲ್ಲಿದ್ದವರೂ ಮರ್ಯಾದಸ್ಥರೇ. ನನ್ನ ತಕರಾರು ಅದೇ. ಇಷ್ಟೊಂದು ಒಳ್ಳೆಯ ಜನ ಕೂಡಿ ಇಷ್ಟು ದೊಡ್ಡ ತಪ್ಪು ಮಾಡಿದೆವು, ಒಬ್ಬರಿಗೂ ಊಟದಲ್ಲಿ ಹರಳು ಸಿಕ್ಕಷ್ಟೂ ಕಿರಿಕಿರಿಯಾಗಲಿಲ್ಲ. ಹುಗ್ಗಿ ಚೆನ್ನಾಗಿತ್ತು ಅಂದುಕೊಂಡು ಮನೆಗೆ ಬಂದೆವು.

ಮೂವತ್ತು ವರ್ಷದಿಂದ ಇಂಥ ಸಭೆಗಳನ್ನು ನೋಡುತ್ತಿದ್ದೇನೆ. ಶ್ರಾವಣ ಬಂತೆಂದರೆ ತಿಂಗಳಿಡೀ ಪ್ರವಚನ. ಬಸವ ಜಯಂತಿಗೆ ಮೆರವಣಿಗೆ, ಎತ್ತುಗಳ ಕೋಡಿಗೆ ಬಣ್ಣ. ಶಾಲೆಗಳಲ್ಲಿ ವಚನ ಕಂಠಪಾಠ ಸ್ಪರ್ಧೆ. ಹೆಸರೇ ಹೇಳುವ ಹಾಗೆ, ಅಲ್ಲಿ ಪಾಠ ಕಂಠದಿಂದ ಕೆಳಗೆ ಇಳಿಯಬೇಕಾಗಿಲ್ಲ. ಬೆಳಿಗ್ಗೆ ಐದೂವರೆಗೆ ವಾಟ್ಸ್ಆ್ಯಪ್‌ನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಒಂದು ವಚನ, ಕೆಳಗೆ ಎರಡು ಗುಲಾಬಿ, "ಶರಣು ಶರಣಾರ್ಥಿ". ಕಳಿಸಿದವರು ಓದಿರುವುದಿಲ್ಲ, ಬಂದದ್ದನ್ನು ಹಾಗೇ ಮುಂದಕ್ಕೆ ತಳ್ಳಿರುತ್ತಾರೆ. ಪಡೆದವರೂ ಓದುವುದಿಲ್ಲ, ಕೈಮುಗಿದ ಚಿತ್ರ ಒಂದನ್ನು ಒತ್ತುತ್ತಾರೆ. ಎರಡೂ ಕಡೆಯವರಿಗೆ ದಿನದ ಧರ್ಮ ಮುಗಿಯಿತು, ಇನ್ನು ಚಹಾ ಕುಡಿಯಬಹುದು.

ಈ ಬೆಳಗಿನ ವಚನವನ್ನು ಬರೆದವರು ಯಾರು ಅಂತ ಒಮ್ಮೆಯಾದರೂ ಯೋಚಿಸಿದ್ದೀರಾ? ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಬಂದು ಕೂಡಿದವರ ಹೆಸರುಗಳನ್ನೇ ನೋಡಿ. ನುಲಿಯ ಚಂದಯ್ಯ ಹಗ್ಗ ಹೊಸೆಯುತ್ತಿದ್ದ. ಮಡಿವಾಳ ಮಾಚಯ್ಯ ಬಟ್ಟೆ ಒಗೆಯುತ್ತಿದ್ದ. ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದ. ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುತ್ತಿದ್ದಳು, ಕದಿರೆ ರೆಮ್ಮವ್ವೆ ನೂಲುತ್ತಿದ್ದಳು. ಹೆಂಡದ ಮಾರಯ್ಯ ಹೆಂಡ ಮಾರುತ್ತಿದ್ದ. ಕನ್ನದ ಮಾರಿತಂದೆ ಶರಣನಾಗುವ ಮೊದಲು ಕನ್ನ ಹಾಕುತ್ತಿದ್ದ ಕಳ್ಳ. ಸೂಳೆ ಸಂಕವ್ವೆಯ ಕಸುಬು ಹೆಸರಿನಲ್ಲೇ ಇದೆ. ಇವರಲ್ಲಿ ಯಾರೂ ಇನ್ನೊಬ್ಬರ ಅನುಭವವನ್ನು ಉದ್ಧರಿಸಲು ಬಾಯಿ ತೆರೆದವರಲ್ಲ. ರೆಮ್ಮವ್ವೆ ತನ್ನ ರಾಟೆಯ ಮೂಲಕವೇ ಮಾತಾಡಿದಳು, ಮಾರಯ್ಯ ಹೆಂಡದ ಮಡಕೆಯನ್ನು ಮುಂದಿಟ್ಟುಕೊಂಡೇ ಮಾತಾಡಿದ, ಮಾರಿತಂದೆ ಕತ್ತಲೆ, ಗೋಡೆ, ಕನ್ನಗಳ ಭಾಷೆಯಲ್ಲೇ ಒಳಗಿನ ಸುದ್ದಿ ಹೇಳಿದ. ಆ ಹಿಂದಿನ ಸಾಲಿನ ಅಜ್ಜಿ ರೊಟ್ಟಿಯ ಸಪ್ಪಳದಿಂದ ಮಾತು ಶುರುಮಾಡಿದಳಲ್ಲ, ಆ ಸಭೆಯಲ್ಲಿ ವಚನಕಾರರ ದಾರಿಯಲ್ಲಿ ಹೆಜ್ಜೆ ಇಟ್ಟವಳು ಆಕೆ. ನಾನು ಇಟ್ಟದ್ದು ಗಿಳಿಯ ಹೆಜ್ಜೆ.

ಇನ್ನೊಂದು ಸಂಗತಿ. ವಚನದ ಕೊನೆಗೆ ಅಂಕಿತ ಇರುತ್ತದೆ. ನಾವು ಅದನ್ನು ಯಾರ ವಚನ ಅಂತ ಗುರುತು ಹಿಡಿಯಲು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಮಾಡಿಬಿಟ್ಟಿದ್ದೇವೆ: ಕೂಡಲಸಂಗಮದೇವ ಬಂದರೆ ಬಸವಣ್ಣ, ಗುಹೇಶ್ವರ ಬಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಬಂದರೆ ಅಕ್ಕ. ಆದರೆ ಅಂಕಿತ ಇರುವುದು ಗುರುತಿನ ಚೀಟಿಯಾಗಿ ಅಲ್ಲ. ಒಬ್ಬ ಮನುಷ್ಯ ತನ್ನ ದೇವರನ್ನು ಸಾಕ್ಷಿಗೆ ಕರೆದು, "ಇದು ನಾನು ಕಂಡದ್ದು, ನಾನೇ ಹೇಳುತ್ತಿದ್ದೇನೆ" ಅಂತ ಮುದ್ರೆ ಒತ್ತುವ ಜಾಗ ಅದು. ಸುಳ್ಳಾದರೆ ದೇವರ ಎದುರಿಗೇ ಸುಳ್ಳಾಡಿದ ಹಾಗೆ. ಸಂಕವ್ವೆಯದು ಉಳಿದಿರುವುದು ಒಂದೇ ವಚನ. ಅದಕ್ಕೆ ಆಕೆ ಇಟ್ಟ ಅಂಕಿತ ನಿರ್ಲಜ್ಜೇಶ್ವರ. ಊರೆಲ್ಲ ತನ್ನ ಮೇಲೆ ಹೊರಿಸಿದ್ದ ನಾಚಿಕೆಯನ್ನೇ ಎತ್ತಿ ದೇವರ ಹೆಸರಿಗೆ ಕೂರಿಸಿದವಳು ಆಕೆ. ನಮ್ಮಲ್ಲಿ ಯಾರಿಗಿದೆ ಆ ಎದೆ? ನಾವು ಬಾಳೆಲ್ಲ ಬೇರೆಯವರ ಅಂಕಿತದಲ್ಲಿ ಮಾತಾಡಿಕೊಂಡು ಹೋಗುತ್ತೇವೆ. ಬೇರೆಯವರ ಮುದ್ರೆ ಒತ್ತಿ ಪತ್ರ ಬರೆದರೆ ಕಚೇರಿಯಲ್ಲಿ ಖೊಟ್ಟಿ ಸಹಿ ಅಂತ ಕೇಸು ಹಾಕುತ್ತಾರೆ. ಸಭೆಯಲ್ಲಿ ಅದಕ್ಕೆ ಶಾಲು ಹೊದಿಸುತ್ತಾರೆ.

ಕೇಳಿದರೆ ಸಬೂಬುಗಳು ತಯಾರಿವೆ. ಮೊದಲನೆಯದು ವಿನಯ. "ಅಯ್ಯೋ, ನಾವೆಂಥವರು, ನಮಗೆಲ್ಲಿಯ ಅನುಭಾವ, ಅದೆಲ್ಲ ದೊಡ್ಡವರದು." ಈ ಮಾತನ್ನು ನಾನು ಪ್ರಾಧ್ಯಾಪಕರಿಂದ ಕೇಳಿದ್ದೇನೆ, ನಿವೃತ್ತ ನ್ಯಾಯಾಧೀಶರಿಂದ ಕೇಳಿದ್ದೇನೆ, ಸ್ವಂತ ಮಗನಿಗೂ ಒಂದು ರೂಪಾಯಿಯ ಲೆಕ್ಕ ಬಿಡದ ಅಡತಿ ಅಂಗಡಿಯ ಸಾಹುಕಾರರಿಂದಲೂ ಕೇಳಿದ್ದೇನೆ. ಬೇರೆ ಯಾವ ವಿಷಯದಲ್ಲೂ ಈ ಜನಕ್ಕೆ ವಿನಯ ಇಲ್ಲ. ರಾಜಕೀಯದ ಮೇಲೆ ಮಾತಾಡುತ್ತಾರೆ, ಕ್ರಿಕೆಟ್ಟಿನ ಮೇಲೆ ಮಾತಾಡುತ್ತಾರೆ, ಸೊಸೆಯ ತವರುಮನೆಯ ಮೇಲೆ ತಾಸುಗಟ್ಟಲೆ ಮಾತಾಡುತ್ತಾರೆ. ತಮ್ಮ ಒಳಗೆ ಏನು ನಡೆದಿದೆ ಅಂತ ಕೇಳಿದ ಕೂಡಲೇ ಮಾತ್ರ ಸಣ್ಣವರಾಗಿಬಿಡುತ್ತಾರೆ. ತಾಯಿ ತೀರಿಕೊಂಡ ರಾತ್ರಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ಹೊಲದ ಬದುವಿನ ಮೇಲೆ ಒಬ್ಬರೇ ಕೂತ ಸಂಜೆ, ಯಾವಾಗಲೋ ಒಮ್ಮೆ ಪ್ರತಿಯೊಬ್ಬರಿಗೂ ಏನೋ ಕಂಡಿರುತ್ತದೆ. ನನಗೆ ಅದು ಖಾತ್ರಿ. ಕಂಡದ್ದನ್ನು "ನಾವೆಂಥವರು" ಅನ್ನುವ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆಯುತ್ತಾರೆ.

ಎರಡನೆಯದು ಗುಟ್ಟು. ಒಳಗಿನದು ಒಳಗೇ ಇರಬೇಕು, ಹೇಳಿಕೊಂಡರೆ ಹೋಗಿಬಿಡುತ್ತದೆ ಅನ್ನುವವರು. ಮಂತ್ರೋಪದೇಶಕ್ಕೆ ಗುಟ್ಟು ಇರಲಿ, ನಾನು ಅದರ ತಂಟೆಗೆ ಹೋಗುವುದಿಲ್ಲ. ಆದರೆ ಮೇಲುಕೋಟೆಯನ್ನು ತಮ್ಮದೆಂದು ಹೇಳಿಕೊಳ್ಳುವ ನಾಡಿನವರು ರಾಮಾನುಜರ ಕಥೆಯನ್ನಾದರೂ ನೆನೆಯಬೇಕಿತ್ತು. ಯಾರಿಗೂ ಹೇಳಬೇಡ ಅಂತ ಗುರು ಕೊಟ್ಟ ಮಂತ್ರವನ್ನು ತಿರುಕೋಷ್ಟಿಯೂರಿನ ಗುಡಿಯ ಗೋಪುರ ಹತ್ತಿ ಎಲ್ಲರಿಗೂ ಕೇಳುವಂತೆ ಕೂಗಿದರು, ನರಕ ಬಂದರೆ ತನಗೊಬ್ಬನಿಗೇ ಬರಲಿ ಅಂದರು ಅಂತ ಪರಂಪರೆ ಹೇಳುತ್ತದೆ. ನಾವು ಗೋಪುರಕ್ಕೆ ಸುಣ್ಣಬಣ್ಣ ಮಾಡಿಸುತ್ತೇವೆ, ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುತ್ತೇವೆ.

ಮೂರನೆಯ ಸಬೂಬು ಸ್ವಲ್ಪ ತೂಕದ್ದು, ಅದನ್ನು ಹಗುರಾಗಿ ತಳ್ಳಲಾರೆ. ಒಳಗಿನದನ್ನು ಬಹಿರಂಗವಾಗಿ ಹೇಳುವವರ ಸಂತೆ ಈಗಾಗಲೇ ನೆರೆದಿದೆ ಅನ್ನುತ್ತಾರೆ ತಿಳಿದವರು. ಟಿವಿ ಹಚ್ಚಿದರೆ ಸಾಕು, ತನಗೆ ಸಾಕ್ಷಾತ್ಕಾರವಾದ ತಾರೀಖು, ವಾರ, ಬೆಟ್ಟದ ಹೆಸರು ಎಲ್ಲ ಹೇಳುವ ಗುರುಗಳು ಸಾಲುಗಟ್ಟಿ ಕೂತಿದ್ದಾರೆ. ಅವರ ಪೈಕಿ ಇನ್ನೊಬ್ಬನಾಗಬೇಕೆ? ಮೌನವೇ ಮೇಲಲ್ಲವೆ?

ಅಲ್ಲ. ಆ ಗುರುವಿನ ಎದುರು ಕೂತವರನ್ನು ನೋಡಿ. ಲಕ್ಷ ಜನ ಇದ್ದಾರೆ, ಒಬ್ಬನೂ ಮರುಪ್ರಶ್ನೆ ಕೇಳುವುದಿಲ್ಲ. ಅಲ್ಲಿ ಕೆಟ್ಟಿರುವುದು ಅದು. ಶೂನ್ಯಸಂಪಾದನೆಯನ್ನು ಓದಿದವರಿಗೆ ಗೊತ್ತು, ಅಲ್ಲಿ ಯಾರೂ ಸುಮ್ಮನೆ ಒಳಗೆ ಬರುವ ಹಾಗಿಲ್ಲ. ಉಡುತಡಿಯಿಂದ ಎಲ್ಲ ಬಿಟ್ಟು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮ ಪಾದಕ್ಕೆರಗಿ ಬರಮಾಡಿಕೊಳ್ಳಲಿಲ್ಲ. ನಿನ್ನ ಗಂಡ ಯಾರು ಅಂತ ಕೇಳಿದ. ಬಟ್ಟೆ ಬಿಟ್ಟವಳಿಗೆ ಕೂದಲಿನಿಂದ ಮೈ ಮುಚ್ಚುವ ಹಂಗೇಕೆ ಅಂತ ಕೇಳಿದ. ತುಂಬಿದ ಸಭೆಯಲ್ಲಿ ಕೇಳಿದ. ಆಕೆ ಒಂದೊಂದಕ್ಕೂ ಉತ್ತರ ಕೊಟ್ಟಳು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ಹೆಸರಾಗಿದ್ದ ಸಿದ್ಧರಾಮನ ಊರಿಗೆ ಹೋಗಿ ಅಲ್ಲಮ ಅವನನ್ನು ಮಣ್ಣು ಅಗೆಯುವವನೆಂದು ಹಂಗಿಸಿದ. ಆ ಅಲ್ಲಮನನ್ನಾದರೂ ಯಾರು ಬಿಟ್ಟರು? ಅಜಗಣ್ಣನ ಸಾವಿಗೆ ಕಣ್ಣೀರಿಡುತ್ತಿದ್ದ ಮುಕ್ತಾಯಕ್ಕ, ತನಗೆ ತಿಳಿವು ಹೇಳಲು ಬಂದ ಆತನನ್ನೇ ತಡೆದು ನಿಲ್ಲಿಸಿ ಎದುರು ಪ್ರಶ್ನೆ ಹಾಕಿದಳು.

ಅನುಭಾವವನ್ನು ಹೀಗೆ ಕಲ್ಲಿಗೆ ಉಜ್ಜಿ ನೋಡುತ್ತಿದ್ದರು, ಚಿನಿವಾರ ಚಿನ್ನವನ್ನು ಉಜ್ಜಿ ನೋಡಿದ ಹಾಗೆ. ಖೊಟ್ಟಿಯಾದರೆ ಅಲ್ಲೇ ಗೊತ್ತಾಗುತ್ತಿತ್ತು. ಇವತ್ತು ನಮ್ಮ ಶಿವಾನುಭವದ ಕರಪತ್ರದಲ್ಲಿ "ಸಂವಾದ" ಅಂತ ಒಂದು ಬಾಬತ್ತು ಇರುತ್ತದೆ. ಸಮಯದ ಅಭಾವದಿಂದ ಮೊದಲು ಕೈಬಿಡುವುದು ಅದನ್ನೇ. ಬಿಟ್ಟಿಲ್ಲವಾದರೆ, ಎದ್ದು ನಿಂತವನು ಪ್ರಶ್ನೆ ಕೇಳುವ ಬದಲು "ಗುರುಗಳು ಬಹಳ ಚಂದ ಹೇಳಿದಿರಿ" ಅಂತ ಶುರುಮಾಡುತ್ತಾನೆ. ಪ್ರಾಮಾಣಿಕರು ಬಾಯಿ ಮುಚ್ಚಿಕೊಂಡು, ಕೇಳುವವರು ಕೈಮುಗಿದುಕೊಂಡು ಕೂತರೆ ಮೈಕು ಯಾರ ಕೈಗೆ ಹೋಗುತ್ತದೆ? ಟಿವಿಯ ಗುರುವನ್ನು ತಯಾರಿಸಿದವರು ನಾವೇ, ನಮ್ಮ ಮೌನದಿಂದ ಮತ್ತು ನಮ್ಮ ಚಪ್ಪಾಳೆಯಿಂದ.

ಈ ಮೂರು ಸಬೂಬುಗಳ ಕೆಳಗೆ ಇನ್ನೊಂದು ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡದಲ್ಲಿ ವಚನ ಅನ್ನುವ ಮಾತಿಗೆ ಎರಡು ಅರ್ಥ. ಆಡಿದ್ದು ವಚನ, ಕೊಟ್ಟದ್ದೂ ವಚನ. ಒಬ್ಬ ತನಗೆ ಕಂಡದ್ದನ್ನು ನಾಲ್ಕು ಜನರ ಎದುರು ಹೇಳಿದನೆಂದರೆ ಭಾಷೆ ಕೊಟ್ಟ ಹಾಗಾಯಿತು. ನಾಳೆಯಿಂದ ಆ ನಾಲ್ಕು ಜನ ಅವನ ಅಂಗಡಿಗೆ ಬರುತ್ತಾರೆ, ಅವನ ತಕ್ಕಡಿ ನೋಡುತ್ತಾರೆ, ಅವನ ಮಗಳ ಮದುವೆಗೆ ಬರುತ್ತಾರೆ, ಅವನು ಆಳಿನ ಜೊತೆ ಹೇಗೆ ಮಾತಾಡುತ್ತಾನೆ ಅಂತ ಕಿವಿ ಇಡುತ್ತಾರೆ. ಹೇಳದೆ ಇಟ್ಟ ತಿಳಿವಿಗೆ ಸಾಕ್ಷಿ ಇಲ್ಲ. ಅದನ್ನು ಮುರಿದರೂ ಯಾರಿಗೂ ಗೊತ್ತಾಗುವುದಿಲ್ಲ, ಕೆಲವು ದಿನಕ್ಕೆ ನಮಗೂ. ನಾವು ಬಾಯಿ ಬಿಡದಿರುವುದು ಇದಕ್ಕೆ. ವಿನಯವೂ ಅಲ್ಲ, ಗುಟ್ಟೂ ಅಲ್ಲ. ಹೇಳಿಬಿಟ್ಟರೆ ಬದುಕಬೇಕಾಗುತ್ತದೆ ಅನ್ನುವ ಹೆದರಿಕೆ.

ಬದುಕುವುದೆಂದರೆ ಏನು ಅನ್ನುವುದಕ್ಕೆ ಆಯ್ದಕ್ಕಿ ಲಕ್ಕಮ್ಮನ ಕಥೆ ಸಾಕು. ನಿಮಗೂ ಗೊತ್ತು, ಮಕ್ಕಳ ಪಠ್ಯಪುಸ್ತಕದಲ್ಲೂ ಬಂದಿದೆ. ಆದರೆ ಒಮ್ಮೆ ನಿಧಾನವಾಗಿ ನೋಡಿ. ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಗಂಡ ಹೆಂಡತಿ. ಗಂಡ ಮಾರಯ್ಯನ ಕಾಯಕ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು. ಕೆಳಗೆ ಬಿದ್ದ ಅಕ್ಕಿ, ಯಾರ ಗಂಟೂ ಅಲ್ಲ. ಒಂದು ದಿನ ಮಾಮೂಲಿಗಿಂತ ಹೆಚ್ಚು ತಂದ. ಪರೀಕ್ಷೆ ಮಾಡಲೆಂದು ಬಸವಣ್ಣನೇ ಹೆಚ್ಚು ಚೆಲ್ಲಿಸಿದ್ದನಂತೆ. ಲಕ್ಕಮ್ಮ ಸೆರಗಿಗೆ ಹಾಕಿಸಿಕೊಳ್ಳುವಾಗಲೇ ತೂಕ ಗೊತ್ತಾಗಿರಬೇಕು. ದಿನಾ ಅದೇ ಅಕ್ಕಿ ಹಿಡಿಯುವ ಹೆಣ್ಣಿನ ಕೈಗೆ ಒಂದು ಹಿಡಿ ಹೆಚ್ಚಾದರೂ ತಿಳಿಯುತ್ತದೆ. ಇದು ಎಲ್ಲಿಯದು, ಯಾಕೆ ಇಷ್ಟು ಅಂತ ಗಂಡನನ್ನು ತರಾಟೆಗೆ ತೆಗೆದುಕೊಂಡಳು. ಹೆಚ್ಚಿನದನ್ನು ಒಯ್ದು ಅಲ್ಲೇ ಸುರಿದು ಬಾ ಅಂತ ವಾಪಸು ಕಳಿಸಿದಳು.

ಅಂದು ಮನೆಯಲ್ಲಿ ಮರುದಿನಕ್ಕೆ ಏನೂ ಇರಲಿಲ್ಲ. ಆ ಒಂದು ಹಿಡಿ ಅಕ್ಕಿಯಿಂದ ಕಲ್ಯಾಣದ ಖಜಾನೆ ಬರಿದಾಗುತ್ತಿರಲಿಲ್ಲ. ನಾನಾಗಿದ್ದರೆ ಏನು ಹೇಳುತ್ತಿದ್ದೆ ಅಂತ ನನಗೆ ಗೊತ್ತು: ಇವತ್ತು ಇಟ್ಟುಕೊಳ್ಳೋಣ, ನಾಳೆ ಕಡಿಮೆ ತಂದರಾಯಿತು. ನೀವೂ ಅದನ್ನೇ ಹೇಳುತ್ತಿದ್ದಿರಿ. ಲಕ್ಕಮ್ಮನಿಗೆ ಅಂಥ ಉಪಾಯ ಹೊಳೆಯಲಿಲ್ಲ, ಏಕೆಂದರೆ ಆಸೆ ಯಾವುದು, ಅಗತ್ಯ ಯಾವುದು ಅನ್ನುವ ತನ್ನ ತಿಳಿವನ್ನು ಆಕೆ ಬಾಯಿಬಿಟ್ಟು ಹೇಳಿದ್ದಳು, ಗಂಡನ ಮುಂದೆ ಹೇಳಿದ್ದಳು, ತನ್ನ ಅಂಕಿತದಲ್ಲೂ ಹೇಳಿದಳು. ಆಕೆಯ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನನ್ನು ಗದರಿಸಿದ ಹೆಣ್ಣು ಗಂಡನ ಹೆಸರನ್ನು ದೇವರ ಹೆಸರಿನ ಪಕ್ಕದಲ್ಲೇ ಇಟ್ಟಳು ಅನ್ನುವುದನ್ನು ನನ್ನ ಗೆಳೆಯರಾದ ವಿಮರ್ಶಕರು ಯಾಕೋ ಅಷ್ಟು ಗಮನಿಸಿದ ಹಾಗಿಲ್ಲ.

ಅಕ್ಕಿಯ ಬೆಲೆ ಒಂದು ಹೊತ್ತಿನ ಊಟ. ಹರಳಯ್ಯ, ಮಧುವರಸರು ತೆತ್ತ ಬೆಲೆ ಬೇರೆ. ಸಮಗಾರರ ಮನೆಯ ಮಗ, ಬ್ರಾಹ್ಮಣರ ಮನೆಯ ಮಗಳು, ಇಬ್ಬರ ಮದುವೆ. ಕುಲವಿಲ್ಲ ಅನ್ನುವುದು ಅದುವರೆಗೆ ಅನುಭವ ಮಂಟಪದ ಮಾತಾಗಿತ್ತು, ಮದುವೆಯ ಚಪ್ಪರದಲ್ಲಿ ಅದು ಬೀದಿಗೆ ಬಂತು. ಬಿಜ್ಜಳನ ಆಳ್ವಿಕೆ ಮಾತನ್ನು ಸಹಿಸಿಕೊಂಡಿತ್ತು, ಮದುವೆಯನ್ನು ಸಹಿಸಲಿಲ್ಲ. ತಂದೆಯರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಅಂತ ಕಥನಗಳು ಹೇಳುತ್ತವೆ. ಕಲ್ಯಾಣ ಚದುರಿತು. ಹರಳಯ್ಯನ ಕಥೆ ಹೇಳುವಾಗ ನಮ್ಮ ಉಪನ್ಯಾಸಕರ ಗಂಟಲು ತುಂಬಿ ಬರುತ್ತದೆ. ನನ್ನದೂ ಬರುತ್ತದೆ, ಸರಿಯಾದ ಜಾಗದಲ್ಲೇ ಬರುತ್ತದೆ, ಅಭ್ಯಾಸವಾಗಿದೆ. ಅದೇ ಉಪನ್ಯಾಸಕರ ಮಗನಿಗೆ ಹೆಣ್ಣು ನೋಡುವಾಗ ಭಾನುವಾರದ ಪತ್ರಿಕೆಯ ವಧುವರರ ಅಂಕಣದಲ್ಲಿ ಜಾತಿಯಷ್ಟೇ ಅಲ್ಲ, ಒಳಪಂಗಡವನ್ನೂ ಬರೆಸಿರುತ್ತಾರೆ. ಕೇಳಿದರೆ, "ನಮಗೇನಿಲ್ರಿ, ಮನೆಯಾಗ ಹಿರಿಯರು ಒಪ್ಪಬೇಕಲ್ಲ" ಅನ್ನುತ್ತಾರೆ. ಮನೆಯಲ್ಲಿ ಹಿರಿಯರು ಅಂದರೆ ಅವರೇ.

ಸರ್ಕಾರದ ಬಗ್ಗೆ ಬಹಳ ಹೇಳಬೇಕಾಗಿಲ್ಲ. 2024ರ ಜನವರಿಯಲ್ಲಿ ಬಸವಣ್ಣನನ್ನು ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು, ಕಚೇರಿಗಳ ಗೋಡೆಗೆ ಭಾವಚಿತ್ರ ಬಂತು. ಆ ಭಾವಚಿತ್ರದ ಕೆಳಗೇ ಕೂತು ಖಾತೆ ಬದಲಾವಣೆಯ ಅರ್ಜಿಯನ್ನು ಎಷ್ಟು ಸಲ ಹಿಂದಕ್ಕೆ ಕಳಿಸುತ್ತಾರೆ ಅಂತ ರೈತರನ್ನು ಕೇಳಿ. ಲಂಡನ್ನಿನಲ್ಲಿ ಥೇಮ್ಸ್ ದಂಡೆಗೆ 2015ರಲ್ಲಿ ಪುತ್ಥಳಿ ಬಂತು, ಬಸವಕಲ್ಯಾಣದಲ್ಲಿ ನೂರಾರು ಕೋಟಿಯ ಅನುಭವ ಮಂಟಪ ಏಳುತ್ತಿದೆ. ಏಳಲಿ. ಕಂಬ, ಕಮಾನು, ಗುಮ್ಮಟ ಎಲ್ಲ ಮುಗಿದ ಮೇಲೆ ಅಲ್ಲಿ ಕೂತು ಯಾರು ಏನು ಮಾತಾಡಬೇಕು ಅನ್ನುವ ಪ್ರಶ್ನೆಗೆ ಟೆಂಡರು ಕರೆಯಲು ಬರುವುದಿಲ್ಲ.

ಇದನ್ನೆಲ್ಲ ಬರೆಯುವಾಗ ಫ. ಗು. ಹಳಕಟ್ಟಿಯವರು ನೆನಪಾಗುತ್ತಾರೆ. ವಿಜಯಪುರದಲ್ಲಿ ವಕೀಲರು, ಕೈತುಂಬ ದುಡಿಯಬಹುದಿತ್ತು. ಊರೂರು ಅಲೆದು, ಜಗುಲಿಯ ಮೇಲೆ ಪೂಜೆಗೊಂಡು ಹುಳು ಹಿಡಿಯುತ್ತಿದ್ದ ತಾಳೆಗರಿಗಳನ್ನು ಕೇಳಿ ಪಡೆದು, 1923ರಲ್ಲಿ ವಚನಶಾಸ್ತ್ರಸಾರ ಹೊರತಂದರು. 1925ರಲ್ಲಿ ಸ್ವಂತ ಮುದ್ರಣಾಲಯ ಹಾಕಿದರು, 1926ರಲ್ಲಿ ಶಿವಾನುಭವ ಪತ್ರಿಕೆ ಶುರುಮಾಡಿದರು. ಅದರ ಸಲುವಾಗಿ ಇದ್ದ ಮನೆಯನ್ನೂ ಮಾರಿದರು. ಅವರು ಆ ಗರಿಗಳನ್ನು ಜಗುಲಿಯಿಂದ ಇಳಿಸಿದ್ದು ಜನ ಓದಲಿ ಅಂತ. ಆಮೇಲೆ ಎಂ. ಎಂ. ಕಲಬುರ್ಗಿಯವರ ನೇತೃತ್ವದಲ್ಲಿ ಸಮಗ್ರ ವಚನ ಸಂಪುಟ 15 ಸಂಪುಟಗಳಲ್ಲಿ ಬಂತು. ನನ್ನ ಮನೆಯಲ್ಲಿ ಹದಿನೈದೂ ಇವೆ, ಗಾಜಿನ ಕಪಾಟಿನಲ್ಲಿ, ಬೀಗದ ಸಮೇತ. ಬಂದವರಿಗೆ ಕಾಣುವ ಹಾಗೆ. ಹಳಕಟ್ಟಿಯವರು ಜಗುಲಿಯಿಂದ ಇಳಿಸಿದ್ದನ್ನು ನಾವು ಪುನಃ ಜಗುಲಿಗೆ ಏರಿಸಿದ್ದೇವೆ, ಜಗುಲಿಗೆ ಗಾಜು ಹಾಕಿಸಿದ್ದೇವೆ, ಅಷ್ಟೇ.

ಬೇರೆ ಮಂದಿ ಇದು ಲಿಂಗಾಯತರ ಮನೆಯ ಜಗಳ ಅಂತ ಪಕ್ಕಕ್ಕೆ ಸರಿಯಬೇಡಿ. ನವಕೋಟಿ ನಾರಾಯಣನೆನಿಸಿದ ಸಾಹುಕಾರ ಎಲ್ಲ ದಾನ ಮಾಡಿ, ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ತಂಬೂರಿ ಹಿಡಿದು ಹಂಪಿಯ ಬೀದಿಯಲ್ಲಿ ಭಿಕ್ಷೆಗೆ ನಿಂತ. ಆತನ ಹಾಡನ್ನು ಈಗ ಹವಾನಿಯಂತ್ರಿತ ಸಭಾಂಗಣದಲ್ಲಿ ಟಿಕೀಟು ಕೊಂಡು ಕೇಳುತ್ತೇವೆ, ರಾಗ ಶುದ್ಧವಾಗಿತ್ತೇ ಅಂತ ಮಾತ್ರ ವಿಚಾರಿಸುತ್ತೇವೆ. ಶಿಶುನಾಳದ ಶರೀಫರಿಗೆ ಗುರುವಾದವರು ಬ್ರಾಹ್ಮಣರಾದ ಗೋವಿಂದ ಭಟ್ಟರು. ಆ ಗುರುಶಿಷ್ಯರು ಒಂದೇ ತಟ್ಟೆಗೆ ಕೈಹಾಕಿದ್ದಕ್ಕೆ ಎರಡೂ ಕಡೆಯ ಊರವರು ಕಣ್ಣು ಕೆಂಪು ಮಾಡಿದರಂತೆ. ಇಬ್ಬರೂ ಅಡಗಿಸಿಡಲಿಲ್ಲ. ಶರೀಫರ ಪದಗಳಿಗೆ ತಲೆದೂಗುವ ನಾವು ಬಾಡಿಗೆಗೆ ಮನೆ ಕೊಡುವ ಮೊದಲು ಹೆಸರು ಕೇಳುತ್ತೇವೆ. ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಅಮವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ ಹಿಡಿದು ಭಜನೆಗೆ ಕೂಡುವವರಿದ್ದಾರೆ. ಅಲ್ಲಿ ಒಂದು ಪದ ಮುಗಿದ ಮೇಲೆ, "ಇದರರ್ಥ ನಿನಗೇನಾತು ಹೇಳು" ಅಂತ ಒಬ್ಬರನ್ನೊಬ್ಬರು ಹಿಡಿದು ಕೇಳುವುದನ್ನು ನಾನೇ ನೋಡಿದ್ದೇನೆ. ಕೇಳುವವನು ಕುರಿ ಕಾಯುವವನು, ಹೇಳುವವನು ಗೌಂಡಿ. ಮಾತು ಬೆಳಗಿನ ಜಾವಕ್ಕೆ ಜಗಳಕ್ಕೂ ಹತ್ತುತ್ತದೆ. ಅವರ ಭಜನೆಗೆ ವಂದನಾರ್ಪಣೆ ಇರುವುದಿಲ್ಲ.

ಹೀಗೆ ಬೈಯುವವನ ಮನೆಯಲ್ಲಿ ಏನು ನಡೆದಿದೆ ಅನ್ನುವುದನ್ನು ಬಿಟ್ಟರೆ ಈ ಬರಹವೂ ಆ ಐವತ್ತು ನಿಮಿಷದ ಉಪನ್ಯಾಸದ ಸಾಲಿಗೇ ಸೇರುತ್ತದೆ.

ನಾಲ್ಕು ವರ್ಷದ ಹಿಂದೆ ನನಗೆ ಡೆಂಗಿ ಆಗಿತ್ತು. ಮಡದಿ ಮಗಳ ಬಾಣಂತನಕ್ಕೆ ಪುಣೆಗೆ ಹೋಗಿದ್ದಳು, ಮನೆಯಲ್ಲಿ ನಾನೊಬ್ಬನೇ. ಮೂರನೆಯ ದಿನ ಬೆಳಿಗ್ಗೆ ಏಳಲಾಗಲಿಲ್ಲ. ಮನೆಗೆಲಸಕ್ಕೆ ಬರುವಾಕೆ ನನ್ನನ್ನು ನೋಡಿ ಗಾಬರಿಯಾಗಿ, ಅಡುಗೆಮನೆಗೆ ಹೋಗಿ ರವೆಯ ಗಂಜಿ ಕಾಯಿಸಿದಳು. ಎರಡು ದಿನದ ಪಾತ್ರೆಗಳೆಲ್ಲ ಸಿಂಕಿನಲ್ಲಿ ಬಿದ್ದಿದ್ದವು. ಆಕೆ ಕೈಗೆ ಸಿಕ್ಕ ಲೋಟದಲ್ಲಿ ಗಂಜಿ ಹಾಕಿಕೊಂಡು ಬಂದಳು. ಅದು ಬಚ್ಚಲಿನ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿರುತ್ತಿದ್ದ, ಅಂಚಿನಲ್ಲಿ ನಗ್ಗಿದ ಸ್ಟೀಲ್ ಲೋಟ. ಆಕೆಯ ಚಹಾದ ಲೋಟ. ಹನ್ನೊಂದು ವರ್ಷದಿಂದ ನಮ್ಮ ಲೋಟಗಳ ಜೊತೆ ಸೇರಿಸದೆ ನಾವು ಬೇರೆ ಇಟ್ಟ ಲೋಟ. ಆಕೆ ನನ್ನ ಕತ್ತಿನ ಕೆಳಗೆ ಒಂದು ಕೈ ಕೊಟ್ಟು ಎತ್ತಿ, "ಸಾವಕಾಶ ಕುಡೀರಿ ಸರ" ಅಂತ ತುಟಿಗೆ ಹಿಡಿದಳು.

ಕುಡಿದೆ. ಹತ್ತು ಹನ್ನೆರಡು ಗುಟುಕು ಇರಬಹುದು. ಆ ಅಷ್ಟು ಹೊತ್ತು ಕೊಡುವಾಕೆ ಅಂತ ಒಬ್ಬಳು, ಕುಡಿಯುವವ ಅಂತ ಒಬ್ಬ ಇರಲಿಲ್ಲ. ಬಿಸಿ ಇತ್ತು, ಉಪ್ಪು ಇತ್ತು, ತುಟಿಗೆ ನಗ್ಗಿದ ಅಂಚು ತಾಗುತ್ತಿತ್ತು. ವೇದಿಕೆ ಹತ್ತುವ ಮನುಷ್ಯ ಎಲ್ಲೂ ಕಾಣಲಿಲ್ಲ. ಜ್ವರದ ಮಂಪರು ಅನ್ನುವವರು ಅನ್ನಲಿ. ನಾನು ಅದಕ್ಕೆ ಹೆಸರು ಇಡಲು ಹೋಗುವುದಿಲ್ಲ. ಅದಕ್ಕಿಂತ ಮೊದಲು ನಾನು ಹೇಳಿದ ನೂರಾರು ಉಪನ್ಯಾಸಗಳಲ್ಲಿ ಇದು ಇರಲಿಲ್ಲ ಅನ್ನುವುದಷ್ಟೇ ಗೊತ್ತು.

ವಾಸಿಯಾಯಿತು. ಮಡದಿ ಬಂದಳು. ಲೋಟ ಕಿಟಕಿಯ ಕಟ್ಟೆಗೆ ಹೋಯಿತು. ನಾನು ಡೈರಿಯಲ್ಲಿ ನಾಲ್ಕು ಸಾಲು ಬರೆದೆ, ಯಾರಿಗೂ ಹೇಳಲಿಲ್ಲ. ಉಪನ್ಯಾಸಕ್ಕೆ ಕರೆದಲ್ಲಿಗೆಲ್ಲ ಹೋದೆ. ಎರಡು ವರ್ಷ ಕಳೆದ ಮೇಲೆ ಒಂದು ದಿನ ಏನೋ ತಡೆಯಲಾಗದೆ ಆ ಲೋಟವನ್ನು ತೆಗೆದು ಹಿತ್ತಲಿನ ಹಳೆಯ ಬಕೆಟ್ಟಿನ ಹಿಂದೆ ಇಟ್ಟೆ. ನಾವು ಕುಡಿಯುವ ಲೋಟವೊಂದರಲ್ಲಿ ಆಕೆಗೆ ಚಹಾ ಹಾಕಿ ಕೊಟ್ಟೆ. ಆಕೆ ತೆಗೆದುಕೊಳ್ಳಲಿಲ್ಲ.

"ನನ್ನ ಲೋಟಾ ಎಲ್ಲೈತ್ರಿ ಸರ?"

ಆಗ ಹೇಳಬೇಕಿತ್ತು. ಹೇಳಬೇಕಾದರೆ, ಹದಿಮೂರು ವರ್ಷ ನಿನ್ನ ಲೋಟವನ್ನು ಬೇರೆ ಇಟ್ಟೆವು ಅನ್ನುವುದನ್ನು ಮೊದಲು ಹೇಳಬೇಕಿತ್ತು. ಆಕೆಗೂ ಗೊತ್ತು, ನಮಗೂ ಗೊತ್ತು, ಯಾರೂ ಆಡದ ಮಾತು ಅದು. "ಎಲ್ಲೋ ಕಳೆದಂಗ ಆಗೇತಿ" ಅಂದೆ. ಶರಣರ ಅನುಭಾವದ ಮೇಲೆ ಐವತ್ತು ನಿಮಿಷ ಮಾತಾಡಬಲ್ಲ ಬಾಯಿಯಿಂದ ಬಂದದ್ದು ಅದೊಂದು ಸುಳ್ಳು.

ಮೂರನೆಯ ದಿನಕ್ಕೆ ಆಕೆಯೇ ಹುಡುಕಿ ತೆಗೆದಳು. ಸಬೀನಾ ಹಾಕಿ ಉಜ್ಜಿ, ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದಳು. ನಾನು ಪತ್ರಿಕೆ ಓದುತ್ತಿದ್ದೆ, ತಲೆ ಎತ್ತಲಿಲ್ಲ. ಲೋಟ ಈಗಲೂ ಅಲ್ಲೇ ಇದೆ.

ಆಕೆಗೆ ಓದು ಬರುವುದಿಲ್ಲ. ಮಗಳು ಪಿಯುಸಿ ಎರಡನೆಯ ವರ್ಷದಲ್ಲಿದ್ದಾಳೆ, ಸಿಕ್ಕ ಪತ್ರಿಕೆಯನ್ನೆಲ್ಲ ಓದುತ್ತಾಳೆ, ಓದಿದ್ದನ್ನು ತಾಯಿಗೆ ಹೇಳುತ್ತಾಳೆ. ಇದು ಅಚ್ಚಾಗುವ ಮೊದಲೇ ನಾನು ಹೇಳಬೇಕು. ನಾಳೆ ಬೆಳಿಗ್ಗೆ ಏಳೂವರೆಗೆ ಆಕೆ ಬರುತ್ತಾಳೆ.